ಎಫ್ ಒತ್ತಿದರೆ ಒತ್ತಕ್ಷರ

ಐರೋಲಿಯ ಆಫೀಸಿನಲ್ಲಿ ನನ್ನ ಹುದ್ದೆಯ ಹೆಸರು ಉದ್ದವಾದಂತೆಲ್ಲ ನಾನು ಬರೆಯುವ ಕೋಡ್ ಗಿಡ್ಡವಾಗುತ್ತ ಬಂತು. ಈಗ ದಿನವಿಡೀ ಮೀಟಿಂಗು. ಅದಕ್ಕೇ ಕಳೆದ ಮಳೆಗಾಲದಲ್ಲಿ ಭಾನುವಾರದ ಬೆಳಗುಗಳನ್ನು ತೆಗೆದಿಟ್ಟು, ಮಗಳಿಗೆ ಕನ್ನಡ ಟೈಪಿಂಗ್ ಕಲಿಸುವ ಪುಟ್ಟ ಪ್ರೋಗ್ರಾಮ್ ಬರೆಯಲು ಕೂತೆ. ಡೊಂಬಿವಲಿಯಲ್ಲಿ ಹುಟ್ಟಿದ ಅವಳಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬಾರದು. ಕಾರ್ಕಳದ ಅಜ್ಜಿಗೆ ಫೋನಿನಲ್ಲಿ ಈಗ ಕಿವಿ ಕೇಳಿಸದು. ಇಬ್ಬರ ನಡುವೆ ಉಳಿದದ್ದು ಅಕ್ಷರದ ದಾರಿ ಒಂದೇ.

ಪ್ರೋಗ್ರಾಮ್ ಪುಟ್ಟದಾಗಿ ಉಳಿಯಲಿಲ್ಲ. ಅಂಕ ಬಂತು, ಗಂಟೆ ಸದ್ದು ಬಂತು, ಕುಣಿಯುವ ನವಿಲೂ ಬಂತು. ಮಗಳು ಎರಡು ದಿನ ನವಿಲನ್ನು ನೋಡಿದಳು, ಒಂದಕ್ಷರ ಕಲಿಯಲಿಲ್ಲ. ಅವಳ ಮೇಲೆ ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾದೀತು.

ಆಗ ನೆನಪಾದವರು ಕೆ. ಪಿ. ರಾವ್. ಮಂಗಳೂರು ಬಳಿಯ ಕಿನ್ನಿಕಂಬಳದವರು, ಇದೇ ಮುಂಬಯಿಯ ಟಿಐಎಫ್‌ಆರ್‌ನಲ್ಲಿ ದುಡಿದವರು. ಕನ್ನಡದ ಕಾಗುಣಿತ, ಒತ್ತು ಎಲ್ಲ ಸೇರಿದರೆ ಆಕಾರಗಳು ಲೆಕ್ಕಕ್ಕೆ ಸಿಗುವುದಿಲ್ಲ. ಹಳೆಯ ಟೈಪ್‌ರೈಟರು ಆ ಆಕಾರಗಳ ಹಿಂದೆಯೇ ಓಡಿ ಸುಸ್ತಾಗಿತ್ತು. ರಾವ್ ಆಕಾರವನ್ನು ಬಿಟ್ಟು ಉಚ್ಚಾರವನ್ನು ಹಿಡಿದರು. ಕೆ ಒತ್ತಿದರೆ ಕ, ಶಿಫ್ಟ್ ಜೊತೆ ಖ. ಎರಡು ವ್ಯಂಜನಗಳ ನಡುವೆ ಎಫ್ ಹಾಕಿದರೆ ಒತ್ತಕ್ಷರ. ಜೋಡಿಸುವ ತಾಪತ್ರಯ ಕಂಪ್ಯೂಟರಿನದು. ಮಾಮೂಲಿ ಇಂಗ್ಲಿಷ್ ಕೀಬೋರ್ಡಿನ 26 ಕೀಲಿಗಳಲ್ಲೇ ಇಡೀ ಕನ್ನಡ ಕೂತಿತು. ಅದರ ಮೇಲೆ ಅವರು ಹಕ್ಕು ಹೂಡಲಿಲ್ಲ. ಮುಂದೆ ಕರ್ನಾಟಕ ಸರ್ಕಾರ ಅದನ್ನೇ ಆಧರಿಸಿ ಕೀಲಿಮಣೆಯನ್ನು ಗೊತ್ತುಮಾಡಿತು. ನುಡಿಯಲ್ಲಿ ನಾವು ಟೈಪಿಸುವುದು ಅದನ್ನೇ. ನನ್ನ ವೃತ್ತಿಯಲ್ಲಿ ಇದಕ್ಕಿಂತ ಚೊಕ್ಕ ಕೆಲಸ ನಾನು ಹೆಚ್ಚು ಕಂಡಿಲ್ಲ.

ಮುಂದಿನ ನಾಲ್ಕು ಭಾನುವಾರ ಬರೀ ಅಳಿಸಿದೆ. ನವಿಲನ್ನು ಅಳಿಸುವಾಗ ಕೈ ತಡೆಯಿತು, ಅದಕ್ಕೆ ಮೂರು ವಾರ ಹಿಡಿದಿತ್ತು ನೋಡಿ. ಕೊನೆಗೆ ಉಳಿದದ್ದು ಬಿಳಿ ಪರದೆ, ದೊಡ್ಡ ಅಕ್ಷರ.

ಮಗಳು ಎ, ಜೆ, ಎಫ್, ಜೆ, ಐ ಒತ್ತಿದಳು. ‘ಅಜ್ಜಿ’ ಎಂದು ಮೂಡಿತು. ಜ ಅಡಿಯಲ್ಲಿ ಇನ್ನೊಂದು ಜ ತಾನಾಗಿ ಹೋಗಿ ಕೂತದ್ದಕ್ಕೆ ಅವಳು ನಕ್ಕಳು, ಅಳಿಸಿ ಮತ್ತೆ ಮತ್ತೆ ಬರೆದಳು. ಅದನ್ನು ವಾಟ್ಸಾಪಿನಲ್ಲಿ ಕಾರ್ಕಳಕ್ಕೆ ಕಳಿಸಿದೆವು. ಅಮ್ಮ ಪಕ್ಕದ ಮನೆ ಹುಡುಗನಿಂದ ಉತ್ತರ ಟೈಪ್ ಮಾಡಿಸಿದರು: ‘ಊಟ ಆಯ್ತಾ?’

ಮಗಳು ಕೂಡಲೇ ‘ಊಟ’ ಬರೆಯಲು ಹೋಗಿ ತಡೆದಳು. ‘ಪಪ್ಪಾ, ಟ ಯಾಕೆ ಕ್ಯೂನಲ್ಲಿದೆ?’

‘ಟಿ ಕೀಲಿಯಲ್ಲಿ ತ ಮೊದಲೇ ಹತ್ತಿ ಸೀಟು ಹಿಡಿದಿದೆ’ ಅಂದೆ. ಡೊಂಬಿವಲಿಯ ಹುಡುಗಿಗೆ ಅಷ್ಟು ಸಾಕಾಯಿತು.