ಹದಿನೆಂಟರ ರೈಡರ್‌ಗೆ ಒಂದೇ ಸೀಸನ್ನಿನ ತೀರ್ಪೇ?

2015ರಲ್ಲಿ, ಪ್ರೊ ಕಬಡ್ಡಿಯ ಎರಡನೇ ಆವೃತ್ತಿಗೆ, ಬೆಂಗಳೂರು ಬುಲ್ಸ್ ತಂಡ ಹರಿಯಾಣದ ಹದಿನೆಂಟು ವರ್ಷದ ಹುಡುಗನೊಬ್ಬನನ್ನು ಕರೆತಂದಿತು. ಆಡಿದ್ದು ಆರು ಪಂದ್ಯ, ಗಳಿಸಿದ್ದು 9 ರೈಡ್ ಅಂಕ. ಮುಂದಿನ ಆವೃತ್ತಿಯ ಹೊತ್ತಿಗೆ ಆ ಹುಡುಗ ಪಟ್ನಾ ಪೈರೇಟ್ಸ್ ಪಾಲಾಗಿದ್ದ. ಅಲ್ಲಿ ಮೊದಲ ವರ್ಷವೇ 116 ರೈಡ್ ಅಂಕ, ಜೊತೆಗೆ ಟ್ರೋಫಿ. 2017ರಲ್ಲಿ ಒಂದೇ ಆವೃತ್ತಿಗೆ 369 ಅಂಕ. ಪಟ್ನಾ ಸತತ ಮೂರು ಸಲ ಚಾಂಪಿಯನ್. ಆ ಹುಡುಗನ ಹೆಸರು ಪರದೀಪ್ ನರ್ವಾಲ್. ಲೀಗ್‌ನಲ್ಲಿ 1,800ಕ್ಕೂ ಹೆಚ್ಚು ರೈಡ್ ಅಂಕ ಗಳಿಸಿದ ಆಟಗಾರನ ಮೊದಲ ಅಂಗಿ ನಮ್ಮ ಬೆಂಗಳೂರಿನದು ಎಂಬುದು ಇವತ್ತು ಎಷ್ಟು ಜನರಿಗೆ ನೆನಪಿದೆ?

ಒಂದು ಸಲ ಆದ ತಪ್ಪು ಎಂದು ಬಿಡೋಣವೆಂದರೆ ಅದೂ ಆಗದು. ಇನ್ನೊಬ್ಬ ರೈಡರ್ ಪವನ್ ಸೆಹ್ರಾವತ್ 2016ರಲ್ಲಿ ಬುಲ್ಸ್ ಪರವಾಗಿಯೇ ಕಣಕ್ಕಿಳಿದರು. ಎರಡು ಆವೃತ್ತಿ ಕಳೆದ ಮೇಲೆ ಗುಜರಾತ್‌ಗೆ ಹೋದರು, ಅಲ್ಲೂ ಹೆಚ್ಚಿನ ಹೊತ್ತು ಬೆಂಚು ಕಾದರು. ಮೊದಲ ಮೂರು ಆವೃತ್ತಿಯ ಲೆಕ್ಕ ಕೂಡಿಸಿದರೂ ನೂರು ರೈಡ್ ಅಂಕ ತುಂಬುವುದಿಲ್ಲ. ಆರನೇ ಆವೃತ್ತಿಗೆ ಬುಲ್ಸ್ ಅವರನ್ನು 52.8 ಲಕ್ಷ ಕೊಟ್ಟು ಮತ್ತೆ ಕೊಂಡಿತು. ಆ ಒಂದೇ ಆವೃತ್ತಿಯಲ್ಲಿ 271 ರೈಡ್ ಅಂಕ ಬಂದವು. 2019ರ ಜನವರಿ 5ರ ಫೈನಲ್‌ನಲ್ಲಿ ಗುಜರಾತ್ ವಿರುದ್ಧ 38–33ರ ಗೆಲುವು, ಅದರಲ್ಲಿ 22 ಅಂಕ ಪವನ್ ಒಬ್ಬರದೇ. ಬುಲ್ಸ್‌ಗೆ ಇವತ್ತಿನವರೆಗೆ ಬಂದಿರುವ ಏಕೈಕ ಕಪ್ ತಂದುಕೊಟ್ಟಿದ್ದು ಹಿಂದೊಮ್ಮೆ ಕೈಬಿಟ್ಟಿದ್ದ ಆಟಗಾರ.

ಇಷ್ಟೆಲ್ಲ ಕಣ್ಣೆದುರೇ ನಡೆದ ಮೇಲೂ ಪ್ರತಿ ಹರಾಜಿನ ಸಮಯದಲ್ಲಿ ಅದೇ ಮಾತು ಕೇಳುತ್ತಿದೆ. ಟಿವಿ ಚರ್ಚೆಯಲ್ಲಿ, ಸಾಗರದ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ, ತುಮರಿ, ಬ್ಯಾಕೋಡಿನ ಅಂಗಡಿ ಕಟ್ಟೆಯ ಮೇಲೆ. 'ಎಂತ ಮಾರಾಯ, ಇಷ್ಟು ದೊಡ್ಡ ಆಳು, ಹತ್ತು ಪಂದ್ಯ ಆಡಿ ಇಪ್ಪತ್ತು ಪಾಯಿಂಟ್ ತರಲಿಲ್ಲ, ಬಿಟ್ಟು ಕಳಿಸಲಿ.' ಮೈಕಟ್ಟು ನೋಡಿ ಆಸೆಪಟ್ಟವರೇ ಅಂಕಪಟ್ಟಿ ನೋಡಿ ಮೊದಲು ತಿರುಗಿಬೀಳುತ್ತಾರೆ. ಬಲದ ಮೇಲೆ ಆಡುವ ಯುವ ರೈಡರ್‌ನನ್ನು ಒಂದು ಆವೃತ್ತಿಯ ರೈಡ್ ಅಂಕದಿಂದ ಅಳೆಯುವುದು ಅನ್ಯಾಯ. ಆಟದ ಲೆಕ್ಕದಲ್ಲೂ ಅದು ಶುದ್ಧ ತಪ್ಪು.

ಯಾಕೆ ತಪ್ಪು ಎಂದು ನೋಡಿ. ತಂಡದ ಮೊದಲ ರೈಡರ್ ದಾಳಿಗೆ ಹೋಗುವಾಗ ಎದುರು ಆರೋ ಏಳೋ ಜನ ನಿಂತಿದ್ದರೆ ಬೋನಸ್ ಗೆರೆ ದಾಟಿ ಒಂದು ಅಂಕ ಹೊಡೆದುಕೊಂಡು ಬರಬಹುದು. ಏನೂ ಸಿಗದಿದ್ದರೆ ಖಾಲಿ ಕೈಯಲ್ಲಿ ಹಿಂದಿರುಗಬಹುದು, ಯಾರೂ ಬೈಯುವುದಿಲ್ಲ. ಹಾಗೆ ಎರಡು ದಾಳಿ ಖಾಲಿ ಹೋದ ಮೇಲೆ ಮೂರನೆಯದು 'ಡು ಆರ್ ಡೈ'. ಅಂಕ ತರಬೇಕು, ಇಲ್ಲವೇ ಔಟಾಗಿ ಹೊರಗೆ ಕೂರಬೇಕು. ಮೊದಲ ರೈಡರ್ ಔಟಾಗಿಬಿಟ್ಟರೆ ತಂಡಕ್ಕೆ ನಷ್ಟ. ಹಾಗಾಗಿ ಆ ಮೂರನೇ ದಾಳಿಗೆ ಕೋಚ್ ಯಾರನ್ನು ಕಳಿಸುತ್ತಾರೆ? ಬಹಳ ಸಲ ಮೂರನೇ ರೈಡರ್ ಆದ ಹೊಸ ಹುಡುಗನನ್ನೇ. ಎದುರಿನವರಿಗೂ ಗೊತ್ತು, ಇವನು ಬರಿಗೈಯಲ್ಲಿ ವಾಪಸು ಹೋಗುವಂತಿಲ್ಲ ಎಂದು. ಕಾರ್ನರ್‌ನವನು ಅಲುಗಾಡದೆ ಕಾಯುತ್ತಾನೆ. ಹುಡುಗ ಮೂವತ್ತು ಸೆಕೆಂಡಿನ ಕೊನೆಗೆ ನುಗ್ಗಲೇಬೇಕು. ನುಗ್ಗಿದ ಕೂಡಲೇ ಪಾದ ಹಿಡಿದರೆ ಕವರ್‌ನವರು ಮೇಲೆ ಬೀಳುತ್ತಾರೆ. ಔಟಾಗಿ ಹೊರಗೆ ಕೂತವನನ್ನು ಒಳಗೆ ಕರೆಸಿಕೊಳ್ಳಲು ಜೊತೆಗಾರರು ಅಂಕ ಗಳಿಸಬೇಕು. ತಂಡ ಸೋಲುತ್ತಿದ್ದರೆ ಅಷ್ಟರಲ್ಲಿ ಅರ್ಧ ಆಟ ಮುಗಿದಿರುತ್ತದೆ, ಅಥವಾ ಅವನ ಜಾಗಕ್ಕೆ ಬದಲಿ ಆಟಗಾರ ಬಂದಿರುತ್ತಾನೆ. ತಂಡದ ಅತಿ ಕಷ್ಟದ ದಾಳಿಗಳನ್ನು ಅವನ ತಲೆಗೆ ಕಟ್ಟಿ, ಕೊನೆಗೆ 'ಯಶಸ್ಸಿನ ಪ್ರಮಾಣ ಕಡಿಮೆ' ಎಂದು ಹಾಳೆ ತೋರಿಸುವುದು ಎಲ್ಲಿಯ ನ್ಯಾಯ?

ಹಾಗಾದರೆ ಏನನ್ನು ನೋಡಬೇಕು? ಅವನನ್ನು ಹಿಡಿಯಲು ಎಷ್ಟು ಜನ ಬೇಕಾದರು ನೋಡಿ. ಆವೃತ್ತಿಯ ಆರಂಭದಲ್ಲಿ ಒಬ್ಬನ ಆಂಕಲ್ ಹೋಲ್ಡ್‌ಗೆ ಬೀಳುತ್ತಿದ್ದವನು ಕೊನೆಗೆ ಮೂವರನ್ನು ಎಳೆದುಕೊಂಡು ನಡುಗೆರೆಯ ಅಂಚಿಗೆ ಬಂದು ಬೀಳುತ್ತಿದ್ದಾನೆಯೇ? ಅಂಕಪಟ್ಟಿಯಲ್ಲಿ ಎರಡೂ ಸೊನ್ನೆ, ಆದರೆ ಎರಡೂ ಒಂದೇ ಅಲ್ಲ. ಕೈ ಚಾಚುವ ಮೊದಲು ಹಿಂದಿನ ಕಾಲು ಎಲ್ಲಿದೆ ಎಂಬ ಎಚ್ಚರ ಬಂದಿದೆಯೇ? ಬಲಗಡೆಗೆ ಮಾತ್ರ ನುಗ್ಗುತ್ತಿದ್ದವನು ಎಡಗಡೆಗೂ ತಿರುಗುತ್ತಿದ್ದಾನೆಯೇ? ಇದನ್ನು ನೋಡಲು ಪಂದ್ಯವನ್ನು ಪೂರ್ತಿ ನೋಡಬೇಕಾಗುತ್ತದೆ, ಅಷ್ಟೇ.

ಬಲದ ಆಟಕ್ಕೆ ಬೇರೆಯದೇ ಸಮಯ ಬೇಕು. ಚುರುಕು ಕಾಲಿನ ಹುಡುಗ ಹದಿನೆಂಟಕ್ಕೇ ಮಿಂಚಬಹುದು, ಮೈಬಲದ ಮೇಲೆ ಆಡುವವನ ಮೈ ಗಟ್ಟಿಯಾಗಲು ಇನ್ನೂ ನಾಲ್ಕೈದು ವರ್ಷ ಹಿಡಿಯುತ್ತದೆ. ನಮ್ಮ ಕಡೆಯ ಹುಡುಗರಿಗಂತೂ ಇದು ದುಪ್ಪಟ್ಟು ಕಷ್ಟ. ಸಾಗರ, ಹೊಸನಗರ, ತೀರ್ಥಹಳ್ಳಿಯ ಹಳ್ಳಿಗಳಲ್ಲಿ ನಡೆಯುವ ಹೊನಲು ಬೆಳಕಿನ ಪಂದ್ಯಾವಳಿಗಳನ್ನು ಕಂಡವರಿಗೆ ಗೊತ್ತು, ಎಷ್ಟೋ ಕಡೆ ಅರವತ್ತು, ಅರವತ್ತೈದು ಕೆ.ಜಿ.ಯ ಮಿತಿ ಇರುತ್ತದೆ. ತೂಕ ಹಾಕುವ ದಿನ ದೊಡ್ಡ ಮೈಯ ಹುಡುಗ ಮಧ್ಯಾಹ್ನದ ಊಟ ಬಿಟ್ಟು, ನೀರನ್ನೂ ಕುಡಿಯದೆ ಬಂದು ತಕ್ಕಡಿಯ ಮೇಲೆ ನಿಲ್ಲುತ್ತಾನೆ. ಬೆಳೆಯುವ ವಯಸ್ಸಿನಲ್ಲಿ ಮೈ ಇಳಿಸಿಕೊಂಡು ಆಡುತ್ತಾನೆ. ಅದೇ ಹುಡುಗ ಪ್ರೊ ಕಬಡ್ಡಿಯ ಆಯ್ಕೆಗೆ ಹೋದರೆ ಅಲ್ಲಿ ಎದುರು ನಿಂತವರು 85 ಕೆ.ಜಿ. ಮಿತಿಯ ಅಂಚಿನಲ್ಲಿರುವ ಗಂಡಸರು. ಇನ್ನು ನೆಲ. ಊರಲ್ಲಿ ಬರಿಗಾಲು, ನೀರು ಹೊಡೆದು ಹದ ಮಾಡಿದ ಮಣ್ಣು, ಕಾಲು ಜಾರಿದರೆ ಜಾರಿಕೊಂಡೇ ತಪ್ಪಿಸಿಕೊಳ್ಳುವ ರೂಢಿ. ಮ್ಯಾಟ್ ಮೇಲೆ ಶೂ ಕಚ್ಚಿಕೊಳ್ಳುತ್ತದೆ. ಮಣ್ಣಿನ ಅಂದಾಜಿನಲ್ಲಿ ತಿರುಗಿದರೆ ಮೈ ತಿರುಗುತ್ತದೆ, ಪಾದ ತಿರುಗುವುದಿಲ್ಲ, ಹೊಡೆತ ಮಂಡಿಗೆ. ಇದನ್ನು ಮರೆತು ಹೊಸದನ್ನು ಕಲಿಯಲು ಒಂದು ಸೀಸನ್ ಸಾಕೇ?

ಇನ್ನು ದಾರಿ. 2025ರ ಜುಲೈ 14ರಂದು ಲಿಂಗನಮಕ್ಕಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಗುವವರೆಗೆ ಬ್ಯಾಕೋಡಿನ ಹುಡುಗ ಸಾಗರಕ್ಕೆ ಅಭ್ಯಾಸಕ್ಕೆ ಹೋಗಬೇಕೆಂದರೆ ಲಾಂಚ್ ಕಾಯಬೇಕಿತ್ತು, ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಹಿನ್ನೀರಿನ ಆಚೆ ದಡದಲ್ಲೇ ಉಳಿಯಬೇಕಿತ್ತು. ಲಿಂಗನಮಕ್ಕಿ ಅಣೆಕಟ್ಟಿಗೆ ಊರು, ಗದ್ದೆ ಕೊಟ್ಟವರ ಮೊಮ್ಮಕ್ಕಳು ಇವರು. ಹರಿಯಾಣದ ಸೋನೆಪತ್ತಿನ ಹುಡುಗನಿಗೆ ಪಕ್ಕದ ಓಣಿಯಲ್ಲೇ ಅಖಾಡ, ಊರಿನಲ್ಲೇ ಕೋಚ್. ಇಬ್ಬರನ್ನೂ ಇಪ್ಪತ್ತನೇ ವಯಸ್ಸಿನಲ್ಲಿ ಒಂದೇ ಗೆರೆಯ ಮೇಲೆ ನಿಲ್ಲಿಸಿ ಯಾರು ಮುಂದಿದ್ದಾರೆ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಎಲ್ಲಿಂದ ಎಲ್ಲಿಗೆ ಬಂದಿದ್ದಾರೆ ಎಂದು ಕೇಳಬೇಕು.

ಎದುರಿನವರ ವಾದವೂ ಹಗುರವಾದದ್ದಲ್ಲ. ಲೀಗ್ ಎಂದರೆ ವ್ಯವಹಾರ, ಹರಾಜಿನ ಹಣಕ್ಕೆ ಮಿತಿ ಇದೆ, ತಂಡ ಸೋತರೆ ಮೊದಲು ಕೆಲಸ ಹೋಗುವುದು ಕೋಚ್‌ನದು. ಕಾದವರೆಲ್ಲ ಪವನ್ ಆಗುವುದಿಲ್ಲ ಎಂಬುದೂ ನಿಜ. ಆದರೆ ಹೊಸ ಯುವ ಆಟಗಾರರ ವಿಭಾಗದಲ್ಲಿ ಸೇರುವ ಹುಡುಗನಿಗೆ ತಂಡ ಕೊಡುವ ಹಣ ತಾರೆಯೊಬ್ಬನ ಬೆಲೆಯ ಚಿಕ್ಕ ಪಾಲು. ಅವನನ್ನು ಉಳಿಸಿಕೊಂಡರೆ ಯಾವ ತಂಡವೂ ದಿವಾಳಿಯಾಗುವುದಿಲ್ಲ. ಬಲವನ್ನು ಅವಸರದಲ್ಲಿ ಹಿಂಡಿದರೆ ಆಗುವ ನಷ್ಟ ಇನ್ನೂ ದೊಡ್ಡದು. ಬೆಳಗಾವಿಗೆ ಹತ್ತಿರದ ಚಂದಗಡ ತಾಲ್ಲೂಕಿನ ಸಿದ್ಧಾರ್ಥ ದೇಸಾಯಿ, 'ಬಾಹುಬಲಿ' ಎಂದೇ ಹೆಸರಾದವರು, ತಮ್ಮ ಮೊದಲ ಆವೃತ್ತಿಯಲ್ಲೇ 218 ರೈಡ್ ಅಂಕ ಗಳಿಸಿದರು. ಮರುವರ್ಷ 1.45 ಕೋಟಿಗೆ ಮಾರಾಟವಾದರು, ಇಡೀ ತಂಡದ ಭಾರ ಹೊತ್ತರು. ಎಂಟನೇ ಆವೃತ್ತಿಯಲ್ಲಿ ಕೆಲವೇ ಪಂದ್ಯಗಳಾಗುವಷ್ಟರಲ್ಲಿ ಗಾಯಗೊಂಡು ಹೊರಬಿದ್ದರು.

ಕಾದು ಗೆದ್ದವರ ಉದಾಹರಣೆಯೂ ಲೀಗಿನಲ್ಲೇ ಇದೆ. ಪುಣೇರಿ ಪಲ್ಟನ್ ತಂಡ ಅಸ್ಲಂ ಇನಾಮದಾರ್, ಮೋಹಿತ್ ಗೋಯತ್ ಎಂಬ ಹುಡುಗರನ್ನು ಎಂಟನೇ ಆವೃತ್ತಿಯಲ್ಲಿ ಕಣಕ್ಕಿಳಿಸಿ ಬಿಟ್ಟುಕೊಡದೆ ಇಟ್ಟುಕೊಂಡಿತು. ಒಂಬತ್ತರಲ್ಲಿ ಫೈನಲ್ ಸೋತಿತು, ಹತ್ತರಲ್ಲಿ, 2024ರ ಮಾರ್ಚ್ 1ರಂದು, ಕಪ್ ಎತ್ತಿತು. ನಾಯಕ ಅಸ್ಲಂ. ಕೋಚ್ ಯಾರು? ನಮ್ಮ ಕರ್ನಾಟಕದವರೇ ಆದ ಅರ್ಜುನ ಪ್ರಶಸ್ತಿ ವಿಜೇತ ಬಿ.ಸಿ. ರಮೇಶ್.

ಹೊರಗಿನ ಆಟಗಳಲ್ಲೂ ಇದೇ ಪಾಠ. ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿಯಲ್ಲಿ ಮೈಬಲದಿಂದ ದಾರಿ ಮಾಡಿಕೊಂಡು ಗೋಲು ಹೊಡೆಯುವವನಿಗೆ ಪವರ್ ಫಾರ್ವರ್ಡ್ ಎನ್ನುತ್ತಾರೆ. ವಾಷಿಂಗ್ಟನ್ ತಂಡ 2012ರಲ್ಲಿ ಆರಿಸಿಕೊಂಡ ಟಾಮ್ ವಿಲ್ಸನ್ ಮೊದಲ ಪೂರ್ಣ ಸೀಸನ್ನಿನಲ್ಲಿ 82 ಪಂದ್ಯ ಆಡಿ ಹೊಡೆದಿದ್ದು ಮೂರೇ ಗೋಲು. ಇಪ್ಪತ್ತರ ಗಡಿ ದಾಟಿದ್ದು 2018–19ರಲ್ಲಿ. ಅಷ್ಟು ವರ್ಷ ತಂಡ ಅವರನ್ನು ಬಿಟ್ಟುಕೊಡಲಿಲ್ಲ. 2024–25ರಲ್ಲಿ ಅವರ ಲೆಕ್ಕ 33 ಗೋಲು.

ನಮ್ಮಲ್ಲಿ ಏನಾಯಿತು? 2024ರ ಹರಾಜಿನಲ್ಲಿ ಬುಲ್ಸ್ ಪರದೀಪ್ ನರ್ವಾಲ್ ಅವರನ್ನು 70 ಲಕ್ಷಕ್ಕೆ ಮತ್ತೆ ತಂದಿತು. ಆ ಹೊತ್ತಿಗೆ ಅವರ ಓಟದ ವೇಗ ಕುಗ್ಗಿತ್ತು. ತಂಡ 22 ಪಂದ್ಯಗಳಲ್ಲಿ ಎರಡನ್ನು ಮಾತ್ರ ಗೆದ್ದು ಕೊನೆಯ ಸ್ಥಾನಕ್ಕೆ ಇಳಿಯಿತು. ಮುಂದಿನ ಹರಾಜಿನಲ್ಲಿ ಯಾರೂ ಕೊಳ್ಳದೆ ಪರದೀಪ್ ನಿವೃತ್ತಿ ಘೋಷಿಸಿದರು. ಹದಿನೆಂಟರಲ್ಲಿ ಅಂಕ ಕಡಿಮೆ ಎಂದು ಬಿಟ್ಟವರನ್ನೇ ಇಪ್ಪತ್ತೇಳರಲ್ಲಿ ಹಳೆಯ ಅಂಕ ನೋಡಿ ಕೊಂಡದ್ದು. ಎರಡು ಸಲವೂ ಅಂಕಪಟ್ಟಿಯನ್ನು ನೋಡಿದರು, ಆಟಗಾರನನ್ನು ನೋಡಲಿಲ್ಲ. ನಮ್ಮದೇ ಕರಾವಳಿಯ ಸುಕೇಶ್ ಹೆಗ್ಡೆ 2017ರಲ್ಲಿ, ಪ್ರಶಾಂತ್ ಕುಮಾರ್ ರೈ 2022ರಲ್ಲಿ ತಂಡಗಳನ್ನು ಫೈನಲ್‌ವರೆಗೆ ಮುನ್ನಡೆಸಿದಾಗ ತೊಟ್ಟಿದ್ದು ಗುಜರಾತ್, ಪಟ್ನಾ ಅಂಗಿಗಳನ್ನು. ಬೆಂಗಳೂರಿನ ತಂಡದಲ್ಲಿ ಕನ್ನಡದ ಹುಡುಗರು ಯಾಕಿಲ್ಲ ಎಂದು ಪ್ರತಿ ವರ್ಷ ಕೂಗುವ ನಾವು, ಒಬ್ಬ ಹುಡುಗ ಬಂದರೆ ಐದನೇ ಪಂದ್ಯಕ್ಕೇ ಅವನ ಮೇಲೆ ಮುಗಿಬೀಳುತ್ತೇವೆ.

ಆದ್ದರಿಂದ ಬುಲ್ಸ್ ಆಡಳಿತಕ್ಕೂ ರಾಜ್ಯ ಕಬಡ್ಡಿ ಸಂಸ್ಥೆಗೂ ಕೇಳುವುದಿಷ್ಟು. ರಾಜ್ಯದ ಯುವ ರೈಡರ್‌ನನ್ನು ಆರಿಸಿಕೊಂಡರೆ ಮೂರು ಆವೃತ್ತಿ ಇಟ್ಟುಕೊಳ್ಳಿ, ಡು ಆರ್ ಡೈಗೆ ಮಾತ್ರ ನೂಕದೆ ಬೇರೆ ದಾಳಿಗಳನ್ನೂ ಕೊಡಿ. ತಾಲ್ಲೂಕಿಗೊಂದಾದರೂ ಮ್ಯಾಟ್ ಹಾಸಿ. ಹದಿಹರೆಯದವರ ಪಂದ್ಯಾವಳಿಗಳನ್ನು ತೂಕದ ಬದಲು ವಯಸ್ಸಿನ ಮೇಲೆ ನಡೆಸಿ. ಅಂಗಡಿ ಕಟ್ಟೆಯ ನಮ್ಮವರಿಗೂ ಒಂದು ಮಾತು: ಮುಂದಿನ ಸಲ ದೊಡ್ಡ ಮೈಯ ಹೊಸ ಹುಡುಗನೊಬ್ಬ ಔಟಾಗಿ ಹೊರಗೆ ಹೋದಾಗ, ಬೈಯುವ ಮೊದಲು ಅವನನ್ನು ಎಷ್ಟು ಜನ ಸೇರಿ ಹಿಡಿದರು ಎಂದು ಎಣಿಸಿ.