ಬೆಳಗ್ಗೆ ನಡೆದವರು ಸಂಜೆ ಯಾಕೆ ಏಳಲ್ಲ?

ಪ್ರತಿ ಭಾನುವಾರ ಬೆಳಗ್ಗೆ ಒಂಬತ್ತೂವರೆಗೆ ಊರಿಗೆ ವಿಡಿಯೋ ಕಾಲ್ ಮಾಡೋದು ನನ್ನ ರೂಢಿ. ಬೆಂಗಳೂರಲ್ಲಿ ನನಗೆ ಬಿಡುವಾಗೋದೇ ಆ ಹೊತ್ತಿಗೆ. ಭದ್ರಾವತಿ ಹೊಸಮನೆಯ ನಮ್ಮ ಮನೆ ಜಗಲಿಯಲ್ಲಿ ಅಪ್ಪಾಜಿ ಸ್ನಾನ ಮುಗಿಸಿ, ಇಸ್ತ್ರಿ ಶರ್ಟು ಹಾಕಿಕೊಂಡು, ಪೇಪರ್ ಹಿಡಿದು ಕೂತಿರೋರು. "ಹೇಗಿದ್ದೀರ ಅಪ್ಪಾಜಿ?" ಅಂದರೆ "ಫಸ್ಟ್ ಕ್ಲಾಸ್" ಅನ್ನೋರು. ಹಿಂದಿನಿಂದ ಅಮ್ಮ, "ಸಂಜೆ ನೋಡ್ಬೇಕು ನೀನು ಇವರನ್ನ, ಬಾಗಿಲಿಗೂ ಎದ್ದು ಬರಲ್ಲ" ಅಂತ ಗೊಣಗೋಳು. "ನೀನು ಎಲ್ಲಾನೂ ಜಾಸ್ತಿ ಮಾಡಿ ಹೇಳ್ತೀಯಮ್ಮ" ಅಂತಿದ್ದೆ ನಾನು. ಹೀಗೆ ಹೆಚ್ಚುಕಮ್ಮಿ ಎರಡು ವರ್ಷ.

ಅಪ್ಪಾಜಿಗೆ ಪಾರ್ಕಿನ್ಸನ್ ಇದೆ ಅಂತ ಗೊತ್ತಾಗಿ ನಾಲ್ಕು ವರ್ಷ. ಅವರು ವಿಐಎಸ್‌ಎಲ್‌ ಕಾರ್ಖಾನೆಯಲ್ಲಿ ಮೂರೂ ಶಿಫ್ಟ್ ದುಡಿದವರು. ರಾತ್ರಿ ಪಾಳಿ ಮುಗಿಸಿ ಬಂದು ನಾಲ್ಕು ತಾಸು ಮಲಗಿ ಎದ್ದರೆ ಮತ್ತೆ ಹೊಸ ಮನುಷ್ಯ. ಸುಸ್ತು ಅನ್ನೋ ಮಾತು ಅವರ ಬಾಯಲ್ಲಿ ನಾನು ಕೇಳಿದ್ದೇ ಇಲ್ಲ. ಈಗಲೂ ಅವರು ಸುಸ್ತು ಅನ್ನಲ್ಲ, "ಕೈಲಾಗಲ್ಲ" ಅಂತಾರೆ. ಅದು ಅಮ್ಮನ ಕಿವಿಗೆ "ಮನಸ್ಸಿಲ್ಲ" ಅಂತ ಕೇಳಿಸುತ್ತೆ. ಮನೆಯ ಅರ್ಧ ಜಗಳ ಇಲ್ಲೇ ಶುರು.

ಹೋದ ವರ್ಷ ಆಫೀಸಿನವರು ಎರಡು ವಾರ ವರ್ಕ್ ಫ್ರಂ ಹೋಮ್ ಕೊಟ್ಟರು. ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದೆ. ಅಪ್ಪಾಜಿಯ ಇಡೀ ದಿನವನ್ನ ನಾನು ನೋಡಿದ್ದು ಆಗಲೇ ಮೊದಲು.

ಬೆಳಗ್ಗೆ ಎಂಟಕ್ಕೆ ತಾವೇ ಹೋಗಿ ಹಾಲು ತಂದರು. ಹತ್ತಕ್ಕೆ ನನ್ನ ಜೊತೆ ರಾಜಕೀಯ ಮಾತಾಡಿದರು. ಹನ್ನೆರಡರ ಹೊತ್ತಿಗೆ ಚಪ್ಪಲಿ ನೆಲಕ್ಕೆ ಉಜ್ಜೋ ಸದ್ದು ಶುರುವಾಯ್ತು. ಹೆಜ್ಜೆ ಚಿಕ್ಕದಾಯ್ತು, ಬಲಗೈ ಬೀಸೋದು ನಿಂತಿತು. ಊಟ ಆದಮೇಲೆ ಎರಡು ತಾಸು ಮಲಗಿ ಎದ್ದರೂ ಮುಖದಲ್ಲಿ ಕಳೆ ಇಲ್ಲ. ಸಂಜೆ ಐದಕ್ಕೆ ಪಕ್ಕದ ಮನೆಯವರು ಗೃಹಪ್ರವೇಶದ ಪತ್ರಿಕೆ ಹಿಡಿದು ಬಂದರು. ಅಪ್ಪಾಜಿ ನಡುಮನೆಯಿಂದ ಜಗಲಿಗೆ ಬರಬೇಕು, ಮಧ್ಯೆ ಒಂದೇ ಒಂದು ಹೊಸ್ತಿಲು. ಅಲ್ಲಿಗೆ ಬಂದವರು ನಿಂತೇಬಿಟ್ಟರು. ಕಾಲು ನೆಲಕ್ಕೆ ಅಂಟಿದ ಹಾಗೆ. ಬಂದವರ ಮುಂದೆ ನನಗೆ ಮುಜುಗರ. "ಅಪ್ಪಾಜಿ, ಬೆಳಗ್ಗೆ ಇದೇ ಹೊಸ್ತಿಲು ದಾಟಿ ಹಾಲು ತಂದ್ರಲ್ಲ, ಬನ್ನಿ" ಅಂದೆ. ದನಿ ಸ್ವಲ್ಪ ಜೋರಾಗಿಯೇ ಬಂತು. ಅವರು ನನ್ನ ಕಡೆ ನೋಡಲಿಲ್ಲ. ಹಾಗೇ ಹಿಂದಕ್ಕೆ ತಿರುಗಿ, ಗೋಡೆ ಹಿಡ್ಕೊಂಡು ಹೋಗಿ ಮಂಚದ ಮೇಲೆ ಕೂತರು. ಆ ದನಿ ನನಗೆ ಈಗಲೂ ಕೇಳಿಸುತ್ತೆ.

ಯಾಕೆ ಹೀಗೆ ಅಂತ ಆಮೇಲೆ ಕೂತು ಓದಿದೆ, ವೈದ್ಯರನ್ನೂ ಕೇಳಿದೆ. ನೀವು ಸ್ಕೂಟರೋ ಕಾರೋ ಕಲಿತ ಮೊದಲ ದಿನ ನೆನಪು ಮಾಡ್ಕೊಳ್ಳಿ. ಕ್ಲಚ್ಚು, ಗೇರು, ಕನ್ನಡಿ, ಬ್ರೇಕು, ಎಲ್ಲವನ್ನೂ ಯೋಚನೆ ಮಾಡಿ ಮಾಡಬೇಕು. ಎರಡು ಕಿಲೋಮೀಟರ್ ಹೋಗೋಷ್ಟರಲ್ಲಿ ಬೆನ್ನೆಲ್ಲ ಬೆವರು. ಆರು ತಿಂಗಳಾದ ಮೇಲೆ ಅದೇ ರಸ್ತೆಯಲ್ಲಿ ಹಾಡು ಕೇಳ್ತಾ ಹೋಗ್ತೀರಿ. ಕೆಲಸ ಅಷ್ಟೇ ಇದೆ, ಯೋಚನೆ ಬೇಕಾಗಿಲ್ಲ. ನಡೆಯೋದು, ಗುಂಡಿ ಹಾಕೋದು, ತುತ್ತು ಎತ್ತೋದು, ಇವನ್ನೆಲ್ಲ ತಾನಾಗೇ ನಡೆಸಿಕೊಂಡು ಹೋಗೋ ವ್ಯವಸ್ಥೆ ಮಿದುಳಿನ ಆಳದಲ್ಲಿದೆ, ಅದಕ್ಕೆ ಡೋಪಮಿನ್ ಬೇಕು. ಪಾರ್ಕಿನ್ಸನ್‌ನಲ್ಲಿ ಆ ಡೋಪಮಿನ್ ಮಾಡೋ ಕೋಶಗಳೇ ಸಾಯ್ತಾ ಬರ್ತವೆ. ತಾನಾಗೇ ಆಗ್ತಿದ್ದ ಕೆಲಸಕ್ಕೆ ಈಗ ಗಮನ ಕೊಡಬೇಕು. ಅಂದರೆ ಅಪ್ಪಾಜಿಗೆ ಪ್ರತಿ ಹೆಜ್ಜೆಯೂ ಡ್ರೈವಿಂಗ್ ಕ್ಲಾಸಿನ ಮೊದಲ ದಿನ. ಅದಕ್ಕೇ ಎಷ್ಟೋ ಜನ ನಡೆಯುವಾಗ ಯಾರಾದರೂ ಮಾತಾಡಿಸಿದರೆ ನಿಂತುಬಿಡ್ತಾರೆ, ಎರಡನ್ನೂ ಒಟ್ಟಿಗೆ ಮಾಡೋಷ್ಟು ಗಮನ ಉಳಿದಿರಲ್ಲ. ದಿನದ ಕೊನೆಗೆ ಅದೂ ಖಾಲಿಯಾದರೆ ಹೊಸ್ತಿಲು ಗುಡ್ಡ ಆಗುತ್ತೆ. ಇದು ಪೂರ್ತಿ ಕಾರಣ ಅಲ್ಲ. ಕಾಯಿಲೆಯೇ ನೇರವಾಗಿ ಸುಸ್ತು ತರುತ್ತೆ, ಕೈ ನಡುಕ ಇಲ್ಲದವರಿಗೂ.

ಪಾರ್ಕಿನ್ಸನ್ ಒಂದರ ಕಥೆಯೂ ಅಲ್ಲ ಇದು. ಪಾರ್ಶ್ವವಾಯು ಆದವರು ಒಂದು ಕಾಲು ಎಳೆದು ನಡೆಯೋಕೆ ನಮಗಿಂತ ಹೆಚ್ಚು ಶಕ್ತಿ ಖರ್ಚು ಮಾಡ್ತಾರೆ. ನನ್ನ ಆಫೀಸಲ್ಲಿ ಒಬ್ಬಳಿದ್ದಾಳೆ, ನನ್ನದೇ ವಯಸ್ಸು, ಮಲ್ಟಿಪಲ್ ಸ್ಕ್ಲೆರೋಸಿಸ್. ಆ ಕಾಯಿಲೆ ಹೆಚ್ಚಾಗಿ ಶುರುವಾಗೋದೇ ಇಪ್ಪತ್ತರಿಂದ ನಲವತ್ತರೊಳಗೆ, ಗಂಡಸರಿಗಿಂತ ಹೆಂಗಸರಲ್ಲೇ ಜಾಸ್ತಿ. ಬೆಳಗ್ಗೆ ಮೆಟ್ರೋ ಮೆಟ್ಟಿಲು ಹತ್ತಿ ಬರ್ತಾಳೆ, ಮೂರು ಗಂಟೆ ಮೇಲೆ ಎಡಪಾದ ಎತ್ತೋಕಾಗಲ್ಲ. "ನೋಡೋಕೆ ಚೆನ್ನಾಗೇ ಇದ್ದೀಯಲ್ಲ" ಅನ್ನೋದು ಅವಳು ದಿನಾ ಕೇಳೋ ಮಾತು. ಅವಳ ಊರೂ ಮಲೆನಾಡೇ. ದೀಪಾವಳಿಗೆ ಹೋದಾಗ ಅವಳಮ್ಮ ಎಣ್ಣೆ ಹಚ್ಚಿ ಹಂಡೆ ನೀರು ಹಾಕಿದ್ದಾರೆ, ಪ್ರೀತಿಯಿಂದ, ಕುದಿಕುದಿ. ಬಚ್ಚಲ ಮಣೆಯಿಂದ ಅವಳಿಗೆ ಏಳೋಕಾಗಲಿಲ್ಲವಂತೆ. ನರದ ಮೇಲಿನ ಹೊದಿಕೆ ಹಾಳಾದ ಕಡೆ ಮೈ ಸ್ವಲ್ಪ ಬಿಸಿಯಾದರೂ ಸಂದೇಶ ಸರಿಯಾಗಿ ಸಾಗಲ್ಲ. ಜರ್ಮನಿಯ ಊಟ್‌ಹಾಫ್ ಅನ್ನೋ ಕಣ್ಣಿನ ವೈದ್ಯರು 1890ರಲ್ಲೇ ಮೈ ದಣಿದಾಗ ಈ ರೋಗಿಗಳ ದೃಷ್ಟಿ ಮಂಜಾಗೋದನ್ನ ಬರೆದಿಟ್ಟಿದ್ದರು. ಎಂಆರ್‌ಐ ಬರೋಕೆ ಮುಂಚೆ ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ ಈ ಕಾಯಿಲೆ ಪತ್ತೆ ಮಾಡೋ ಪರೀಕ್ಷೆಯೂ ಇತ್ತು. ಮೈ ತಣ್ಣಗಾದರೆ ಸಾಮಾನ್ಯವಾಗಿ ಮೊದಲಿನಂತೆ ಆಗುತ್ತೆ. ಅವಳು ಈಗ ಉಗುರುಬೆಚ್ಚಗಿನ ನೀರಲ್ಲೇ ಹಬ್ಬ ಮಾಡ್ತಾಳೆ.

ಅಪ್ಪಾಜಿ ವಿಷಯಕ್ಕೆ ಬರ್ತೀನಿ. ಹೊಸ್ತಿಲಿನ ಆ ಸಂಜೆ ಆದಮೇಲೆ ನಾನು ಫೋನಿನ ನೋಟ್ಸಲ್ಲಿ ಬರೆಯೋಕೆ ಶುರುಮಾಡಿದೆ. ಎಷ್ಟು ಗಂಟೆಗೆ ಮಾತ್ರೆ, ಎಷ್ಟಕ್ಕೆ ಊಟ, ಚಪ್ಪಲಿ ಸದ್ದು ಯಾವಾಗ, ಎಲ್ಲಿ ನಿಂತರು. ಹತ್ತು ದಿನದ್ದು. ಮುಂದಿನ ಸಲ ವೈದ್ಯರ ಹತ್ತಿರ ಹೋದಾಗ ಅದನ್ನೇ ತೋರಿಸಿದೆ. ಅದಕ್ಕೆ ಮುಂಚೆ ಪ್ರತಿ ಸಲವೂ ನಮ್ಮ ಉತ್ತರ "ಸುಮಾರು ಹಾಗೇ ಇದ್ದಾರೆ ಡಾಕ್ಟ್ರೇ" ಅಂತಲೇ. ಬೆಳಗಿನ ಅಪಾಯಿಂಟ್‌ಮೆಂಟು, ಅಪ್ಪಾಜಿ ಎದೆಯುಬ್ಬಿಸಿ ಕೊಠಡಿಯೊಳಗೆ ಹತ್ತು ಹೆಜ್ಜೆ ನಡೆದು ತೋರಿಸೋರು. ಹೊರಗಿನವರ ಮುಂದೆ ಅವರಿಗೆ ಎಲ್ಲಿಂದಲೋ ಶಕ್ತಿ ಬರುತ್ತೆ. ವಾಪಸ್ ಬಂದಮೇಲೆ ಎರಡು ದಿನ ಏಳಲ್ಲ, ಅದನ್ನ ಡಾಕ್ಟ್ರು ನೋಡಿರಲ್ಲ.

ಪಟ್ಟಿ ನೋಡಿದಮೇಲೆ ಅವರು ಹೇಳಿದ್ದು, ಇಲ್ಲಿ ಎರಡು ಬೇರೆ ಬೇರೆ ವಿಷಯ ಇದೆ ಅಂತ. ಒಂದು, ಮಾತ್ರೆಯ ಶಕ್ತಿ ಮುಂದಿನ ಮಾತ್ರೆಗೆ ಮುಂಚೆಯೇ ಇಳಿದುಹೋಗೋದು. ವರ್ಷ ಕಳೆದ ಹಾಗೆ ಲೆವೋಡೋಪಾ ಮಾತ್ರೆ ಮೊದಲಿನಷ್ಟು ಹೊತ್ತು ತಡೆಯಲ್ಲ. ಅದನ್ನ ಸಮಯ ಬದಲಿಸಿ ಸ್ವಲ್ಪ ಸರಿಮಾಡಬಹುದು. ಅಪ್ಪಾಜಿ ಮಧ್ಯಾಹ್ನದ ಮಾತ್ರೆ ಬೇಳೆ ಸಾರು, ಮೊಸರು ಎಲ್ಲ ಉಂಡಮೇಲೆ ತಗೊಳ್ತಿದ್ದರು. ಪ್ರೋಟೀನ್ ಕೆಲವರಲ್ಲಿ ಈ ಮಾತ್ರೆ ಹೀರಿಕೊಳ್ಳೋಕೆ ಅಡ್ಡ ಬರುತ್ತೆ. ಹಾಗಾಗಿ ಊಟಕ್ಕಿಂತ ಮುಂಚೆಗೆ ತಂದರು. (ಇದು ನಮ್ಮ ಅಪ್ಪಾಜಿಗೆ ಹೇಳಿದ್ದು. ನೀವೇ ಬದಲಿಸೋಕೆ ಹೋಗಬೇಡಿ. ನಸುಗುನ್ನಿ ಬೀಜದ ಪುಡಿ ಕೊಡಿ ಅಂತ ಹೇಳೋ ನೆಂಟರು ಎಲ್ಲರ ಮನೆಯಲ್ಲೂ ಇದ್ದಾರೆ. ಅದರಲ್ಲೂ ಇರೋದು ಲೆವೋಡೋಪಾನೇ, ಎಷ್ಟಿದೆ ಅಂತ ಅಳತೆ ಇಲ್ಲ ಅಷ್ಟೇ. ಡಾಕ್ಟ್ರಿಗೆ ಹೇಳದೆ ಕೊಡಬೇಡಿ.)

ಇನ್ನೊಂದು, ಸುಸ್ತು. ಇದಕ್ಕೆ ಇದೇ ಅಂತ ಒಂದು ಮಾತ್ರೆ ಇಲ್ಲ ಅಂದರು. ರಕ್ತಹೀನತೆ, ಥೈರಾಯ್ಡ್, ಬಿ12 ನೋಡೋಕೆ ರಕ್ತ ಪರೀಕ್ಷೆ ಬರೆದರು. ರಾತ್ರಿ ನಿದ್ದೆ ಹೇಗೆ, ಮನಸ್ಸಿಗೆ ಬೇಜಾರಿದೆಯಾ ಅಂತ ಅಪ್ಪಾಜಿಯನ್ನೇ ಕೇಳಿದರು. ಪೂರ್ತಿ ಮಲಗಿಸಿಬಿಡಬೇಡಿ, ದಿನಾ ನಡಿಗೆ ಬೇಕು, ಆದರೆ ದಣಿದು ಬಿದ್ದಮೇಲೆ ವಿಶ್ರಾಂತಿ ಕೊಡೋದಲ್ಲ, ದಣಿಯೋಕೆ ಮುಂಚೆ ಕೊಡಿ ಅಂದರು.

ಈ ಕೊನೇ ಮಾತು ನಮ್ಮ ಮನೆಯ ಟೈಮ್‌ಟೇಬಲ್ಲನ್ನೇ ಬದಲಿಸಿತು. ಶೇವಿಂಗ್ ಮತ್ತು ಸ್ನಾನ ಈಗ ಒಂದೇ ಗಂಟೆಯಲ್ಲಿ ಇಲ್ಲ. ಬಚ್ಚಲಲ್ಲಿ ಪ್ಲಾಸ್ಟಿಕ್ ಕುರ್ಚಿ ಬಂತು, ಪ್ಯಾಂಟು ಕೂತೇ ಹಾಕೋದು. ಬ್ಯಾಂಕು, ಕ್ಷೌರ ಎಲ್ಲ ಹನ್ನೊಂದರೊಳಗೆ. ಹೊಸ್ತಿಲ ಮುಂದೆ ನೆಲಕ್ಕೆ ಬಣ್ಣದ ಟೇಪಿನ ಅಡ್ಡಗೆರೆ ಅಂಟಿಸಿದ್ದೀವಿ, ಗೆರೆ ದಾಟೋದು ಅಂತ ಕಣ್ಣಿಗೆ ಗುರಿ ಸಿಕ್ಕರೆ ಅಂಟಿದ ಕಾಲು ಏಳುತ್ತೆ. ತುಂಬಾ ದಣಿದ ದಿನ ಅದೂ ಕೆಲಸ ಮಾಡಲ್ಲ, ಆಗ ಸುಮ್ಮನೆ ಪಕ್ಕದಲ್ಲಿ ನಿಲ್ಲೋದು. ಅವಸರ ಮಾಡಿದಷ್ಟೂ ಕಾಲು ಅಂಟುತ್ತೆ.

ಅಮ್ಮನಿಗೆ ಮಾತ್ರ ಇದು ಸುಲಭವಾಗಲಿಲ್ಲ. ಹಾಲಿಗೆ ಕಳಿಸೋದು ನಿಲ್ಲಿಸೋಣ ಅಂತ ಅವಳ ವಾದ, ಆ ಶಕ್ತಿ ಸಂಜೆಗೆ ಉಳಿಯುತ್ತಲ್ಲ ಅಂತ. ಲೆಕ್ಕ ಸರಿಯೇ. ಅಪ್ಪಾಜಿ ಒಪ್ಪಲಿಲ್ಲ. "ಸಂಜೆ ಕೂತಿರ್ತೀನಿ ಬಿಡು, ಹಾಲು ನಾನೇ ತರ್ತೀನಿ" ಅಂದರು. ಯಾವುದಕ್ಕೆ ಖರ್ಚು ಮಾಡಬೇಕು ಅನ್ನೋದು ಅವರ ಇಷ್ಟ ಅಂತ ನಾನು ಅವರ ಪರ ವಹಿಸಿದೆ. ಮಧ್ಯಾಹ್ನದ ಮೇಲೆ ಅವರನ್ನ ಎತ್ತಿ ಕೂರಿಸೋಳು ಅಮ್ಮ, ನಾನಲ್ಲ. ಅದನ್ನೂ ಅವಳು ನನಗೆ ನೆನಪಿಸಿದಳು. ಈಗ ಸಂಜೆ ಎರಡು ತಾಸಿಗೆ ಒಬ್ಬ ಹುಡುಗ ಬರ್ತಾನೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ಪಟ್ಟಿಯಲ್ಲಿ ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಎರಡೂ ಇವೆ. ನನ್ನ ಸಹೋದ್ಯೋಗಿಗೆ ಇದು ಗೊತ್ತೇ ಇರಲಿಲ್ಲ. ಮಧ್ಯಾಹ್ನದ ಮೇಲೆ ಮನೆಯಿಂದ ಕೆಲಸ ಕೇಳೋಕೆ ಅವಳು ಈಗ ಅದರ ಪತ್ರ ಹಿಡಿದು ಎಚ್‌ಆರ್ ಹತ್ತಿರ ಹೋಗಿದ್ದಾಳೆ. ಉತ್ತರ ಇನ್ನೂ ಬಂದಿಲ್ಲ.

ನಾನು ಫೋನ್ ಮಾಡೋ ಹೊತ್ತು ಬದಲಾಗಿದೆ. ವಾರಕ್ಕೆ ಎರಡು ಸಲ ಸಂಜೆ ಆರೂವರೆಗೆ ಮಾಡ್ತೀನಿ. ನಿನ್ನೆ ಅಪ್ಪಾಜಿಗೆ ಮಾತಾಡೋಕೆ ಆಗ್ತಿರಲಿಲ್ಲ. ಅಮ್ಮ ಫೋನನ್ನ ನೀರಿನ ಚೊಂಬಿಗೆ ಒರಗಿಸಿಟ್ಟು ಒಳಗೆ ಹೋದಳು. ಅವರು ಅಲ್ಲಿ, ನಾನು ಇಲ್ಲಿ, ಇಬ್ಬರೂ ಮಾತಿಲ್ಲದೆ ಅರ್ಧ ಧಾರಾವಾಹಿ ನೋಡಿದೆವು.