ತಂಗಳು ರೊಟ್ಟಿಯ ಕೊಳಲು

ಸ್ಪ್ಯಾನಿಷ್ ಭಾಷೆಯಲ್ಲಿ ‘ಫ್ಲೌಟಾ’ ಅಂದರೆ ಕೊಳಲು. ಆದರೆ ಮೆಕ್ಸಿಕೋದ ಹೋಟೆಲಿನಲ್ಲಿ ಒಂದು ಪ್ಲೇಟ್ ಫ್ಲೌಟಾ ಕೇಳಿದರೆ ಬರೋದು ನುಡಿಸೋ ವಸ್ತು ಅಲ್ಲ, ತಿನ್ನೋ ವಸ್ತು. ಮೆಕ್ಕೆಜೋಳದ ತೆಳು ರೊಟ್ಟಿಯ (ಅದೇ ಟೋರ್ಟಿಯಾ) ಒಳಗೆ ಒಂದಿಷ್ಟು ಕೋಳಿ ಮಾಂಸವನ್ನೋ ಆಲೂಗಡ್ಡೆಯನ್ನೋ ಇಟ್ಟು, ಬಿಗಿಯಾಗಿ ಸುರುಳಿ ಸುತ್ತಿ, ಗರಿಗರಿಯಾಗಿ ಕರಿದಿರುತ್ತಾರೆ. ಅದರ ಮೇಲೆ ಸಣ್ಣಗೆ ಹೆಚ್ಚಿದ ಲೆಟಿಸ್ ಎಲೆ, ಹುಳಿ ಕೆನೆ, ಪುಡಿ ಮಾಡಿದ ಚೀಸ್, ಕೆಂಪೋ ಹಸಿರೋ ಒಂದು ಸಾಲ್ಸಾ. ಕೆಳಗೆ ಬಿಸಿ, ಮೇಲೆ ತಂಪು. ಮೊದಲ ತುತ್ತು ಕಚ್ಚಿದಾಗ ಬರೋ ಸದ್ದು ಪಕ್ಕದ ಟೇಬಲ್ಲಿಗೂ ಕೇಳಿಸುತ್ತೆ.

ನಮ್ಮ ಪ್ರಾಜೆಕ್ಟಿನ ಅರ್ಧ ಟೀಮು ಗ್ವಾಡಲಹಾರಾದಲ್ಲಿದೆ. ಅದು ಮೆಕ್ಸಿಕೋದ ಐಟಿ ಊರು, ಒಂಥರಾ ಅವರ ಬೆಂಗಳೂರು. ನಮಗೆ ರಾತ್ರಿ ಎಂಟು ಗಂಟೆ ಆದಾಗ ಅವರಿಗೆ ಬೆಳಗ್ಗೆ ಎಂಟೂವರೆ. ಕಾಲ್ ಶುರುವಾಗೋ ಮುಂಚೆ ಸಿಗೋ ಐದು ನಿಮಿಷದಲ್ಲಿ ನಾವು ಮಾತಾಡೋದು ಊಟದ ವಿಷಯ. ಒಂದು ದಿನ ಫ್ಲೌಟಾ ಮಾತು ಬಂತು. ‘ನಮ್ಮಮ್ಮ ಅದನ್ನ ಟಾಕೊ ಡೊರಾಡೊ ಅಂತಾರೆ’ ಅಂದಳು ಒಬ್ಬ ಸಹೋದ್ಯೋಗಿ. ಮೆಕ್ಸಿಕೋ ಸಿಟಿಯವನೊಬ್ಬ ‘ಸುರುಳಿ ಸುತ್ತಿದ್ರೆ ಫ್ಲೌಟಾನೇ’ ಅಂದ. ಅವತ್ತು ಮೀಟಿಂಗ್ ಹತ್ತು ನಿಮಿಷ ತಡವಾಯ್ತು. ವೇರಿಯಬಲ್‌ಗೆ ಹೆಸರಿಡೋ ವಿಷಯದಲ್ಲೂ ಇಷ್ಟು ಜಗಳ ನಾನು ನೋಡಿಲ್ಲ.

ಒಂದೇ ಸುರುಳಿ, ಹಲವು ಹೆಸರು

‘ಟಾಕೊ ಡೊರಾಡೊ’ ಅಂದರೆ ಹೊನ್ನಿನ ಬಣ್ಣಕ್ಕೆ ಕರಿದ ಟಾಕೊ. ಇದು ದೊಡ್ಡ ಛತ್ರಿಯಂಥ ಹೆಸರು. ಅರ್ಧಕ್ಕೆ ಮಡಚಿ ಕರಿದರೂ ಸರಿ, ಸುತ್ತಿ ಕರಿದರೂ ಸರಿ. ‘ಫ್ಲೌಟಾ’ ಅಂದರೆ ಸಾಮಾನ್ಯವಾಗಿ ಉದ್ದನೆಯ ಸುರುಳಿ. ಅದಕ್ಕೆಂದೇ ಉದ್ದುದ್ದ ಮೊಟ್ಟೆಯಾಕಾರದ ಟೋರ್ಟಿಯಾ ಮಾಡೋದೂ ಉಂಟು. ‘ಟಕೀಟೊ’ ಅಂದರೆ ಪುಟ್ಟ ಟಾಕೊ. ಈ ಹೆಸರು ಹೆಚ್ಚು ಓಡೋದು ಅಮೆರಿಕದಲ್ಲಿ. ಅಲ್ಲಿನ ಅನೇಕ ಹೋಟೆಲುಗಳಲ್ಲಿ ಮೆಕ್ಕೆಜೋಳದ್ದಾದರೆ ಟಕೀಟೊ, ಗೋಧಿ ಟೋರ್ಟಿಯಾದ್ದಾದರೆ ಫ್ಲೌಟಾ ಅನ್ನೋ ಲೆಕ್ಕ. ಮೆಕ್ಸಿಕೋದಲ್ಲಿ ಆ ಲೆಕ್ಕ ನಡೆಯಲ್ಲ, ಅಲ್ಲಿ ಫ್ಲೌಟಾವೂ ಬಹುಪಾಲು ಮೆಕ್ಕೆಜೋಳದ್ದೇ.

ದಕ್ಷಿಣದ ಯುಕಟಾನ್‌ಗೆ ಹೋದರೆ ಇದರ ತಂಗಿಯೊಬ್ಬಳಿದ್ದಾಳೆ, ‘ಕೊಡ್ಸೀಟೊ’. ಮಾಯಾ ಭಾಷೆಯ ‘ಸುತ್ತಿದ್ದು’ ಅನ್ನೋ ಪದಕ್ಕೆ ಸ್ಪ್ಯಾನಿಷ್‌ನ ‘ಪುಟ್ಟ’ ಅನ್ನೋ ಬಾಲ ಅಂಟಿಸಿದ್ದಾರೆ. ಕೆಲವೊಮ್ಮೆ ಒಳಗೆ ಏನೂ ಇರಲ್ಲ, ಬರೀ ಸುರುಳಿ. ಮೇಲೆ ಟೊಮೆಟೊ ಸಾರು, ಹಾಲೆಂಡ್ ಮೂಲದ ಎಡಾಮ್ ಚೀಸ್. ಕೆಲವು ಊರುಗಳಲ್ಲಿ ಕರಿದ ಸುರುಳಿಯನ್ನ ಬಿಸಿ ಸಾರಿನಲ್ಲಿ ಮುಳುಗಿಸಿಯೇ ಕೊಡುತ್ತಾರೆ. ಅದಕ್ಕೆ ‘ಅಹೊಗಾಡಾ’, ಅಂದರೆ ಮುಳುಗಿದ್ದು, ಅಂತ ಹೆಸರು. ನಮ್ಮಲ್ಲಿ ವಡೆ ಸಾಂಬಾರಿನಲ್ಲಿ ಮುಳುಗುತ್ತಲ್ಲ, ಹಾಗೇ. ಉತ್ತರಕ್ಕೆ ಹೋದಂತೆ ಗೋಧಿ ಬೆಳೆಯೋ ಸೊನೋರಾ, ಗಡಿಯಾಚೆ ಅರಿಜೋನಾ. ಅಲ್ಲಿ ದೊಡ್ಡ ಗೋಧಿ ಬುರಿಟೊವನ್ನೇ ಎಣ್ಣೆಗೆ ಬಿಟ್ಟು ‘ಚಿಮಿಚಾಂಗಾ’ ಮಾಡಿದ್ದಾರೆ.

ತಂಗಳಾದರೇನೇ ರುಚಿ

ಇಷ್ಟು ವೇಷ ಹಾಕಿದರೂ ಒಳಗಿನ ತರ್ಕ ಒಂದೇ: ನಿನ್ನೆಯ ರೊಟ್ಟಿ ಹಾಳಾಗಬಾರದು. ಮೆಕ್ಸಿಕೋದಲ್ಲಿ ಬಡಾವಣೆಗೊಂದು ಟೋರ್ಟಿಯಾ ಅಂಗಡಿ ಇರುತ್ತೆ. ಜನ ಬಟ್ಟೆ ಹಿಡಿದುಕೊಂಡು ಹೋಗಿ ಬಿಸಿ ಬಿಸಿ ಟೋರ್ಟಿಯಾ ಕಿಲೋ ಲೆಕ್ಕದಲ್ಲಿ ತರುತ್ತಾರೆ. ಸಂಜೆಗೆ ನಾಲ್ಕಾರು ಉಳಿದೇ ಉಳಿಯುತ್ತೆ. ನಮ್ಮಲ್ಲಿ ತಂಗಳನ್ನ ಚಿತ್ರಾನ್ನ ಆಗುತ್ತೆ, ಮಿಕ್ಕಿದ ಇಡ್ಲಿ ಉಪ್ಪಿಟ್ಟಾಗುತ್ತೆ. ಅಲ್ಲಿ ಉಳಿದ ಟೋರ್ಟಿಯಾ ಫ್ಲೌಟಾ ಆಗುತ್ತೆ, ಇಲ್ಲಾ ಚಿಪ್ಸ್ ಆಗುತ್ತೆ, ಇಲ್ಲಾ ಸಾಲ್ಸಾದಲ್ಲಿ ಬೆಂದು ಬೆಳಗಿನ ‘ಚಿಲಾಕಿಲೆಸ್’ ಆಗುತ್ತೆ.

ಇದು ಬರೀ ಉಳಿತಾಯದ ಮಾತಲ್ಲ, ಭೌತಶಾಸ್ತ್ರವೂ ಹೌದು. ಹೊಸ ಟೋರ್ಟಿಯಾದಲ್ಲಿ ನೀರಿನಂಶ ಜಾಸ್ತಿ. ಎಣ್ಣೆಗೆ ಬಿದ್ದಾಗ ಮೊದಲು ಆ ನೀರೆಲ್ಲ ಆವಿಯಾಗಿ ಹೋಗಬೇಕು, ಅಷ್ಟರಲ್ಲಿ ಹೊರಗೆ ಕೆಂಪಾಗಿರುತ್ತೆ, ಒಳಗೆ ಜಗಿಯೋ ಹಾಗಿರುತ್ತೆ. ಒಂದು ದಿನ ಆರಿದ್ದರೆ ಬೇಗ ಗರಿಯಾಗುತ್ತೆ. ಆದರೆ ಆರಿದ ಟೋರ್ಟಿಯಾವನ್ನ ಹಾಗೇ ಸುತ್ತಿದರೆ ಪಟ್ ಅಂತ ಬಿರುಕು ಬಿಡುತ್ತೆ, ಯಾಕೆಂದರೆ ಅದರ ಪಿಷ್ಟ ಗಟ್ಟಿಯಾಗಿರುತ್ತೆ. ಬಿಸಿ ಕಾವಲಿ ಮೇಲೆ ಕೆಲವು ಸೆಕೆಂಡು ಇಟ್ಟರೆ ಮತ್ತೆ ಮೆತ್ತಗಾಗುತ್ತೆ. ಆ ಬಿಸಿಯಲ್ಲೇ ಸುತ್ತಬೇಕು.

ಟೋರ್ಟಿಯಾ ಹಿಟ್ಟಿನ ಗುಟ್ಟು ಇನ್ನೂ ಹಳೆಯದು. ಮೆಕ್ಕೆಜೋಳವನ್ನ ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಸಿ, ತೊಳೆದು ರುಬ್ಬುತ್ತಾರೆ. ಹೌದು, ನಮ್ಮ ಅಜ್ಜಿಯರ ಎಲೆ-ಅಡಿಕೆ ತಟ್ಟೆಯಲ್ಲಿದ್ದ ಅದೇ ಸುಣ್ಣ. ಸಾವಿರಾರು ವರ್ಷ ಹಳೆಯ ಈ ವಿಧಾನದಿಂದ ಎರಡು ಲಾಭ. ಹಿಟ್ಟಿಗೆ ಅಂಟು ಬರುತ್ತೆ. ಜೊತೆಗೆ, ಕಾಳಿನಲ್ಲಿ ಬಂಧಿಯಾಗಿರೋ ನಯಾಸಿನ್ ಅನ್ನೋ ಬಿ ಗುಂಪಿನ ವಿಟಮಿನ್ ದೇಹಕ್ಕೆ ಸಿಗುತ್ತೆ. ಯುರೋಪಿನವರು ಮೆಕ್ಕೆಜೋಳ ಒಯ್ದರು, ಸುಣ್ಣದ ವಿದ್ಯೆ ಒಯ್ಯಲಿಲ್ಲ. ಮುಂದೆ ಉತ್ತರ ಇಟಲಿಯಲ್ಲಿ, ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ, ಮೆಕ್ಕೆಜೋಳವನ್ನೇ ನಂಬಿದ್ದ ಬಡವರಿಗೆ ಪೆಲಾಗ್ರ ಅನ್ನೋ ಕಾಯಿಲೆ ಬಂತು. ಚರ್ಮ ಸುಲಿದು, ಬುದ್ಧಿ ಕೆಟ್ಟು, ಸಾವಿರಾರು ಜನ ಸತ್ತರು. ಕಾಳು ಪಡೆದವರು ಅದನ್ನ ಬೇಯಿಸ್ತಿದ್ದ ಹೆಂಗಸರನ್ನ ಒಂದು ಮಾತು ಕೇಳಿರಲಿಲ್ಲ.

ಕರಿಯೋ ವಿದ್ಯೆ ಮಾತ್ರ ಆಚೆಯಿಂದ ಬಂದದ್ದು. 16ನೇ ಶತಮಾನದಲ್ಲಿ ಸ್ಪೇನಿನವರು ಹಂದಿ, ದನ ತಂದ ಮೇಲೇ ಅಲ್ಲಿನ ಅಡುಗೆಮನೆಗೆ ಧಾರಾಳ ಕೊಬ್ಬು, ಹಾಲು, ಚೀಸ್ ಬಂದದ್ದು. ಅಂದರೆ ಫ್ಲೌಟಾದ ರೊಟ್ಟಿ ಅಲ್ಲಿನದು, ಬಾಣಲೆಯ ಕೊಬ್ಬು ಬಂದವರದು.

ಮನೆಯಲ್ಲಿ ಮಾಡೋದಾದರೆ

ಈಸ್ಟರ್ ಹಬ್ಬಕ್ಕೆ ಮುಂಚಿನ ವ್ರತದ ದಿನಗಳಲ್ಲಿ ಮೆಕ್ಸಿಕೋದ ಎಷ್ಟೋ ಮನೆಗಳಲ್ಲಿ ಮಾಂಸ ಬಿಟ್ಟು ಆಲೂಗಡ್ಡೆ ತುಂಬುತ್ತಾರೆ. ನಮಗೆ ಅದೇ ಸುಲಭ. ಅಂಗಡಿಯ ಮೆಕ್ಕೆಜೋಳದ ಹಿಟ್ಟಿನಿಂದ ಟೋರ್ಟಿಯಾ ಮಾಡೋಕೆ ಹೋಗಬೇಡಿ. ದಾವಣಗೆರೆ, ಹಾವೇರಿ ಕಡೆ ಬೇಕಾದಷ್ಟು ಮೆಕ್ಕೆಜೋಳ ಬೆಳೆಯುತ್ತೆ ನಿಜ, ಆದರೆ ಸುಣ್ಣದಲ್ಲಿ ಬೇಯಿಸದ ಹಿಟ್ಟು ಸುತ್ತುವಾಗ ಹರಿಯುತ್ತೆ. ಸೂಪರ್ ಮಾರ್ಕೆಟಿನಲ್ಲಿ ಸಿಗೋ ಮೆಕ್ಕೆಜೋಳದ ಟೋರ್ಟಿಯಾ ತನ್ನಿ. ಸಿಗದಿದ್ದರೆ ಮೈದಾದ್ದೂ ನಡೆಯುತ್ತೆ, ಗಡಿಯಾಚೆಯ ಫ್ಲೌಟಾ ಅಂದುಕೊಳ್ಳಿ.

ಎರಡು ಆಲೂಗಡ್ಡೆ ಬೇಯಿಸಿ ಹಿಸುಕಿ, ಉಪ್ಪು, ಹುರಿದ ಈರುಳ್ಳಿ, ಚಿಟಿಕೆ ಜೀರಿಗೆ ಪುಡಿ ಹಾಕಿ. ಪಲ್ಯ ಒಣಗಿರಲಿ, ನೀರಿದ್ದರೆ ಎಣ್ಣೆ ಸಿಡಿಯುತ್ತೆ. ಟೋರ್ಟಿಯಾ ಬಿಸಿ ಮಾಡಿ, ಒಂದು ಅಂಚಿನಲ್ಲಿ ಒಂದೂವರೆ ಚಮಚದಷ್ಟು ಸಾಲಾಗಿ ಇಟ್ಟು ಬಿಗಿಯಾಗಿ ಸುತ್ತಿ. ಆಸೆಪಟ್ಟು ಜಾಸ್ತಿ ತುಂಬಬೇಡಿ. ಟೂತ್‌ಪಿಕ್ ಚುಚ್ಚಿ, ಅಂಚು ಕೆಳಗೆ ಬರೋ ಹಾಗೆ ಕಾದ ಎಣ್ಣೆಗೆ ಬಿಡಿ. ಗುಳ್ಳೆ ಕಡಿಮೆಯಾದಾಗ ಆಯ್ತು ಅಂತ ಅರ್ಥ. ತೆಗೆದ ಮೇಲೆ ನೆಟ್ಟಗೆ ನಿಲ್ಲಿಸಿ, ಒಳಗಿನ ಎಣ್ಣೆ ಇಳಿದುಹೋಗುತ್ತೆ. ಹುಳಿ ಕೆನೆಗೆ ಬದಲು ಗಟ್ಟಿ ಮೊಸರು ಸಾಕು.

ಹಾಗಾದ್ರೆ ಅಸಲಿ ಯಾವುದು?

ಸ್ನೇಹಿತರ ಜೊತೆ ಹೊರಗೆ ತಿನ್ನೋಕೆ ಹೋದಾಗ ಒಬ್ಬರಾದರೂ ಹೇಳೋ ಮಾತಿದು: ‘ಟಕೀಟೊ ಎಲ್ಲ ಅಮೆರಿಕದ್ದು ಕಣೋ, ಅಸಲಿ ಮೆಕ್ಸಿಕನ್ ಅಲ್ಲ’. ಈ ಮಾತು ಕೇಳಿದಾಗ ನನಗೆ ಲಾಸ್ ಏಂಜಲೀಸ್‌ನ ಒಲ್ವೆರಾ ಬೀದಿಯ ಕಥೆ ನೆನಪಾಗುತ್ತೆ.

1930ರಲ್ಲಿ ಆ ಬೀದಿಯನ್ನ ಪ್ರವಾಸಿಗರಿಗಾಗಿ ‘ಮೆಕ್ಸಿಕನ್ ಸಂತೆ’ ಅಂತ ಸಿಂಗರಿಸಿ ತೆರೆದರು. ಬಣ್ಣದ ಬಟ್ಟೆ, ಗಿಟಾರು, ತಿಂಡಿ ಎಲ್ಲ ಇತ್ತು. ಆಗ ಆರ್ಥಿಕ ಕುಸಿತದ ಕಾಲ. ಕೆಲಸ ಇಲ್ಲದ್ದಕ್ಕೆ ಮೆಕ್ಸಿಕನ್ನರೇ ಕಾರಣ ಅನ್ನೋ ಕೂಗು ಎದ್ದಿತ್ತು. 1931ರ ಫೆಬ್ರುವರಿ 26ರಂದು ವಲಸೆ ಅಧಿಕಾರಿಗಳು, ಪೊಲೀಸರು ಅದೇ ಬೀದಿಯ ಪಕ್ಕದ ಚೌಕವನ್ನ ಸುತ್ತುವರಿದು, ಅಲ್ಲಿ ಬಿಸಿಲು ಕಾಯಿಸುತ್ತಾ ಕೂತಿದ್ದ ಸುಮಾರು 400 ಜನರನ್ನ ತಡೆದು ಕಾಗದಪತ್ರ ಕೇಳಿದರು. ಆ ದಶಕದಲ್ಲಿ ಲಕ್ಷಾಂತರ ಮಂದಿಯನ್ನ ರೈಲು ಹತ್ತಿಸಿ, ಇಲ್ಲವೇ ಹೆದರಿಸಿ ಮೆಕ್ಸಿಕೋಗೆ ಕಳಿಸಿದರು. ಅವರಲ್ಲಿ ಅನೇಕರು ಅಮೆರಿಕದಲ್ಲೇ ಹುಟ್ಟಿದ ನಾಗರಿಕರು. ಕ್ಯಾಲಿಫೋರ್ನಿಯಾ ರಾಜ್ಯ ಇದಕ್ಕೆ ಕಾನೂನಿನ ಮೂಲಕ ಕ್ಷಮೆ ಕೇಳಿದ್ದು 2005ರಲ್ಲಿ.

ಆ ದಾಳಿಯಾಗಿ ಮೂರೇ ವರ್ಷಕ್ಕೆ, 1934ರಲ್ಲಿ, ಅರೋರಾ ಗೆರೆರೊ ಅನ್ನೋ ಮೆಕ್ಸಿಕನ್ ಮಹಿಳೆ ಒಲ್ವೆರಾ ಬೀದಿಯಲ್ಲಿ ‘ಸಿಯೆಲಿಟೊ ಲಿಂಡೊ’ ಅನ್ನೋ ಪುಟ್ಟ ಅಂಗಡಿ ಇಟ್ಟರು. ಮಾರಿದ್ದು ಟಕೀಟೊ. ಮಾಂಸ ತುಂಬಿ ಸುತ್ತಿ ಕರಿದ ಸುರುಳಿ, ಮೇಲೆ ಬೆಣ್ಣೆಹಣ್ಣಿನ ತೆಳ್ಳನೆಯ ಸಾಸ್. ಕೈಯಲ್ಲಿ ಹಿಡಿದು ನಡೆಯುತ್ತಾ ತಿನ್ನಬಹುದು, ತಟ್ಟೆ ಬೇಡ, ಚಮಚ ಬೇಡ. ಅಂಗಡಿ ಮೊಮ್ಮಕ್ಕಳ ಕಾಲಕ್ಕೂ ನಡೆದುಬಂತು. ಅತ್ತ ಸ್ಯಾನ್ ಡಿಯಾಗೊದಲ್ಲಿ 1940ರಲ್ಲಿ ಶುರುವಾದ ‘ಎಲ್ ಇಂಡಿಯೊ’ ಅಂಗಡಿಯವರು, ಯುದ್ಧಕಾಲದಲ್ಲಿ ವಿಮಾನ ಕಾರ್ಖಾನೆಯ ಕಾರ್ಮಿಕರಿಗೆ ಇದನ್ನ ಮಾರಿದ್ದು ನಾವು, ಟಕೀಟೊ ಅನ್ನೋ ಹೆಸರೂ ನಮ್ಮದೇ ಅಂತಾರೆ. ‘ಪುಟ್ಟ ಟಾಕೊ’ ಅನ್ನೋಕೆ ಯಾವ ತಾಯಿಗೆ ಯಾರ ಅಪ್ಪಣೆ ಬೇಕಿತ್ತೋ ಗೊತ್ತಿಲ್ಲ!

ಬೀದಿಯ ತಿಂಡಿ ಬೇಕು, ಅದನ್ನ ಮಾಡೋ ಜನ ಬೇಡ ಅನ್ನುತ್ತಿದ್ದ ಊರಿನಲ್ಲಿ ಒಬ್ಬ ಹೆಂಗಸು ಅದೇ ತಿಂಡಿಯಿಂದ ಮನೆ ನಡೆಸಿದಳು. ಗಡಿ ದಾಟಿದ ಮಾತ್ರಕ್ಕೆ ಆ ಸುರುಳಿ ನಕಲಿ ಆಯ್ತು ಅನ್ನೋಕೆ ನನಗೆ ಮನಸ್ಸು ಬರಲ್ಲ. ಮೆಕ್ಸಿಕೋದ ಸಾಂಪ್ರದಾಯಿಕ ಅಡುಗೆಯನ್ನ ಯುನೆಸ್ಕೊ 2010ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿತು, ಸಂತೋಷ. ಆದರೆ ಆ ಪಟ್ಟಿಗೂ ಮುಂಚೆ ಅದನ್ನ ಉಳಿಸಿದ್ದು ಇಂಥ ಬೀದಿಬದಿಯ ಬಾಣಲೆಗಳು, ಮನೆಗಳಲ್ಲಿ ನಾಲ್ಕು ಟೋರ್ಟಿಯಾ ಬಿಸಾಕದೆ ಎತ್ತಿಟ್ಟ ಕೈಗಳು.

ಇನ್ನು ಮುಂದೆ ಯಾರಾದರೂ ‘ಅಸಲಿ’ ಅಂತ ಮಾತು ತೆಗೆದರೆ, ಇದನ್ನ ಮೊದಲು ಮಾರಿದವರು ಯಾರು, ಅವರಿಗೆ ಆಗ ಆ ಊರಲ್ಲಿ ಜಾಗ ಇತ್ತಾ ಅಂತ ಕೇಳಿ ನೋಡಿ. ಮಾತು ಬೇರೆ ಕಡೆ ಹೋಗುತ್ತೆ, ಊಟಾನೂ ಚೆನ್ನಾಗಿರುತ್ತೆ. ಹಾಗೇ, ನಿಮ್ಮ ಮನೆಯಲ್ಲಿ ಉಳಿದ ರೊಟ್ಟಿ, ಚಪಾತಿ ಮಾರನೇ ದಿನ ಏನಾಗುತ್ತೆ? ಬರೆದು ತಿಳಿಸಿ, ಮುಂದಿನ ವಾರ ಮಾತಾಡೋಣ.